18 ಡಾಲರಿನ ಜಮೀನು, 3 ಸೆಂಟಿನ ಪತ್ರ

ಹೆಚ್‌ಇಬಿಎ ಓದುವ ನನಗೆ ಲೆಕ್ಕಶಾಸ್ತ್ರ ಇಷ್ಟ, ಇತಿಹಾಸ ಅಷ್ಟಕ್ಕಷ್ಟೇ. ಆದರೆ ಅಬ್ರಹಾಂ ಲಿಂಕನ್ ಬಗ್ಗೆ ಪ್ರಾಜೆಕ್ಟ್ ಬರೆಯುವಾಗ ಸಿಕ್ಕ ಒಂದು ಸಂಗತಿಯಲ್ಲಿ ಇವೆರಡೂ ಸೇರಿದ್ದವು.

1862ರ ಮೇ 20ರಂದು ಲಿಂಕನ್ ಅವರು ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. 21 ವರ್ಷ ತುಂಬಿದವರು ಅಥವಾ ಮನೆಯ ಯಜಮಾನರು 160 ಎಕರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಬಹುದಿತ್ತು. ಮದುವೆಯಾಗದ ಹೆಣ್ಣುಮಕ್ಕಳಿಗೂ ಅವಕಾಶವಿತ್ತು. 5 ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉಳುಮೆ ಮಾಡಿದರೆ ಜಮೀನು ಸ್ವಂತ. ಶುಲ್ಕವೆಲ್ಲ ಸೇರಿ ಸುಮಾರು 18 ಡಾಲರ್. ನಮ್ಮಲ್ಲಿ ಹಕ್ಕುಪತ್ರ ಎನ್ನುತ್ತೇವಲ್ಲ, ಅಂಥದ್ದನ್ನು ಮುಂದೆ ಸುಮಾರು 16 ಲಕ್ಷ ಜನರಿಗೆ ಕೊಟ್ಟರು.

ಇದು ಉಚಿತವೇ? ಖರ್ಚಿನ ಕಡೆ ಬರೆದು ನೋಡೋಣ. ನೇಗಿಲು, ಎತ್ತು, ಬೀಜ, ಬಾವಿ, ಮೊದಲ ಬೆಳೆ ಬರುವವರೆಗಿನ ಊಟ. ನೆಬ್ರಾಸ್ಕ, ಕಾನ್ಸಾಸ್ ಕಡೆ ಮರಗಳೇ ಕಡಿಮೆ. ಹಾಗಾಗಿ ಹುಲ್ಲಿನ ಬೇರು ಹೆಣೆದುಕೊಂಡಿದ್ದ ನೆಲವನ್ನೇ ಇಟ್ಟಿಗೆಯಂತೆ ಕತ್ತರಿಸಿ ಗೋಡೆ ಕಟ್ಟಿದರು. ಮಳೆ ಬಂದರೆ ಸೂರಿನಿಂದ ಕೆಸರು ನೀರು ಸೋರುತ್ತಿತ್ತು. ಸೌದೆ ಇಲ್ಲದ ಕಡೆ ಒಣಗಿದ ಸಗಣಿಯಿಂದ ಒಲೆ ಉರಿಸಿದರು. 1874ರಲ್ಲಿ ಮಿಡತೆಗಳ ದಂಡು ಬಂದು ಹೊಲದ ಮೆಕ್ಕೆಜೋಳ ತಿಂದುಹಾಕಿತು. ಒಣಗಲು ಹಾಕಿದ ಬಟ್ಟೆಯನ್ನೂ, ಬೆವರು ಹತ್ತಿದ ಗುದ್ದಲಿ ಹಿಡಿಯನ್ನೂ ಬಿಡಲಿಲ್ಲ.

ಯಾವ ರೈತನೂ ತನ್ನ ಲೆಕ್ಕದಲ್ಲಿ ಬರೆಯದ ಇನ್ನೊಂದು ಬಾಬ್ತು ಇದೆ. ಆ ಜಮೀನು ಖಾಲಿ ಇರಲಿಲ್ಲ. ನೆಬ್ರಾಸ್ಕದಲ್ಲಿ ಪಾನಿ ಎಂಬ ಮೂಲನಿವಾಸಿಗಳು ಮೊದಲಿನಿಂದಲೂ ಬೆಳೆ ಬೆಳೆದು, ಬೇಟೆಯಾಡಿ ಬದುಕುತ್ತಿದ್ದರು. 1870ರ ದಶಕದ ಮಧ್ಯದಲ್ಲಿ ಅವರು ಊರು ಬಿಟ್ಟು ಇಂದಿನ ಒಕ್ಲಹೋಮಕ್ಕೆ ಹೋಗಬೇಕಾಯಿತು. ಒಬ್ಬರ ಜಮೆ ಇನ್ನೊಬ್ಬರ ಖರ್ಚಾಗಿತ್ತು.

ಇಷ್ಟೆಲ್ಲ ಹೇಗೆ ಗೊತ್ತಾಯಿತು? ಬಹಳಷ್ಟು ಪತ್ರಗಳಿಂದಲೇ. ಆಗ 3 ಸೆಂಟಿನ ಅಂಚೆಚೀಟಿ ಹಚ್ಚಿದರೆ ಪತ್ರ ದೇಶದ ಯಾವ ಮೂಲೆಗೂ ಹೋಗುತ್ತಿತ್ತು. ಆದರೆ ಹಳ್ಳಿಯ ಮನೆ ಬಾಗಿಲಿಗೆ ಅಂಚೆಯವನು ಬರತೊಡಗಿದ್ದು 1896ರ ನಂತರ. ಅಲ್ಲಿಯವರೆಗೆ ರೈತನೇ ಅಂಚೆ ಕಚೇರಿಗೆ ಹೋಗಿ ತರಬೇಕಿತ್ತು.

ಯುರಾಯ ಒಬ್ಲಿಂಜರ್ ಎಂಬಾತ 1872ರಲ್ಲಿ ಇಂಡಿಯಾನಾದಿಂದ ನೆಬ್ರಾಸ್ಕಕ್ಕೆ ಜಮೀನು ಹುಡುಕಿಕೊಂಡು ಹೋದ. ಹೆಂಡತಿ ಮ್ಯಾಟಿ, ಪುಟ್ಟ ಮಗಳು ಹಿಂದೆ ಉಳಿದರು. ಆತ ಬರೆದ, ಆಕೆಯೂ ಬರೆದಳು. ಮುಂದಿನ ವರ್ಷ ಮ್ಯಾಟಿ ಅಲ್ಲಿಗೆ ಬಂದು ಸೇರಿದಳು. ಮಣ್ಣಿನದಾದರೂ ಇದು ನಮ್ಮದೇ ಮನೆ ಎಂಬ ಖುಷಿ ಆಕೆಯ ಪತ್ರದಲ್ಲಿದೆ. ಆ ಕುಟುಂಬದ ಸುಮಾರು 3,000 ಪುಟಗಳ ಪತ್ರಗಳು ಉಳಿದಿವೆ. 1880ರಲ್ಲಿ ಹೆರಿಗೆಯ ವೇಳೆ ಮ್ಯಾಟಿ ತೀರಿಕೊಂಡಳು. ಆಮೇಲಿನ ಪತ್ರಗಳಲ್ಲಿ ಆಕೆಯ ಅಕ್ಷರವಿಲ್ಲ.

ಆ ಕಾಲದ ಇಂಥ ಪತ್ರಗಳಿಗೆ ಒಂದು ಕ್ರಮವಿತ್ತು. ಮೊದಲು ನಾವು ಕ್ಷೇಮ, ನೀವೂ ಕ್ಷೇಮವಿರಬೇಕು ಎಂಬ ಮಾತು. ನಂತರ ಮಳೆ, ಬೆಳೆ, ಗೋಧಿಯ ಬೆಲೆ. ಆಮೇಲೆ ಯಾರ ಮನೆಯಲ್ಲಿ ಮಗು, ಯಾರಿಗೆ ಮದುವೆ, ಯಾರು ತೀರಿಕೊಂಡರು. ಕೊನೆಗೆ, ಬೇಗ ಬರೆಯಿರಿ.

ಇದನ್ನು ಓದಿದಾಗ ನನಗೆ ನಮ್ಮ ಮನೆಯ ತಗಡಿನ ಟ್ರಂಕ್ ನೆನಪಾಯಿತು. ನಾನಾ 1980ರ ದಶಕದಲ್ಲಿ ದಮ್ಮಾಮ್‌ನಲ್ಲಿ ದುಡಿಯುತ್ತಿದ್ದಾಗ ನಾನಿಗೆ ಬರೆದ ಉರ್ದು ಪತ್ರಗಳು ಅದರಲ್ಲಿದ್ದವು. ಕಳೆದ ಈದ್‌ಗೆ ಮನೆ ಸ್ವಚ್ಛ ಮಾಡುವಾಗ ಅಮ್ಮಿ ಅವನ್ನು ರದ್ದಿಗೆ ತೆಗೆದಿಟ್ಟಿದ್ದರು. ನಾನು ಬೇಡವೆಂದು ಹಟ ಹಿಡಿದೆ. ನನಗೆ ಉರ್ದು ಕೈಬರಹ ಓದುವುದು ನಿಧಾನ. ಅಕ್ಷರ ಕೂಡಿಸಿ ಕೂಡಿಸಿ ನಾನಿಗೆ ಓದಿ ಹೇಳಿದೆ. ಅದೇ ಕ್ರಮ! ಮೊದಲು ಖೈರಿಯತ್, ನಂತರ ಡ್ರಾಫ್ಟ್ ಕಳಿಸಿದ ಮೊತ್ತ, ಊರಲ್ಲಿ ಮಳೆ ಆಯಿತೇ, ತಂಗಿಯ ಮದುವೆ ಎಲ್ಲಿಗೆ ಬಂತು.

ಒಂದು ಪತ್ರ ಓದುವಾಗ ನಾನಿ ತಡೆದರು. "ಆ ತಿಂಗಳು ಅವರು ಆಸ್ಪತ್ರೆಯಲ್ಲಿದ್ದರು ಬೇಟಿ. ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ" ಎಂದರು. ಪತ್ರದಲ್ಲಿ ಮಾತ್ರ ಎಲ್ಲ ಖೈರಿಯತ್ ಎಂದೇ ಇತ್ತು.

ಪತ್ರವನ್ನು ಲೆಕ್ಕಪುಸ್ತಕದ ಹಾಗೆಯೇ ಓದಬೇಕು ಎಂದು ಆಗ ಅನಿಸಿತು. ಬರೆದದ್ದನ್ನು ನೋಡಿದರೆ ಸಾಲದು, ಬಿಟ್ಟದ್ದನ್ನೂ ಹುಡುಕಬೇಕು. ಬಿಟ್ಟದ್ದೇನೆಂದು ಹೇಳಬಲ್ಲವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಸ್ನೇಹಿತರೇ, ನಿಮ್ಮ ಮನೆಯಲ್ಲೂ ಹಳೆಯ ಪತ್ರಗಳಿದ್ದರೆ ರದ್ದಿಗೆ ಹಾಕಬೇಡಿ. ದಾದಿ, ನಾನಿ, ಅಜ್ಜಿಯರ ಪಕ್ಕ ಕುಳಿತು ಒಮ್ಮೆ ಗಟ್ಟಿಯಾಗಿ ಓದಿ. ನಮ್ಮ ಟ್ರಂಕಿನಲ್ಲಿ ಇನ್ನೂ 41 ಪತ್ರ ಓದುವುದು ಬಾಕಿ ಇದೆ.