ಖಾಲಿ ಸಂಪಿನಲ್ಲಿ ಏನಿರುತ್ತದೆ?

ಹೊಸ ಮನೆಯ ಸಂಪಿಗೆ ಮೋಲ್ಡ್ ಹಾಕಿ ಹದಿನೈದಿಪ್ಪತ್ತು ದಿನ ಆಗಿದೆ. ಒಳಗಿನ ಸೆಂಟ್ರಿಂಗ್ ಬಿಚ್ಚಬೇಕು. ಮುಚ್ಚಳದ ಹಲಗೆ ಸರಿಸಿ ಒಬ್ಬ ಇಳಿಯುತ್ತಾನೆ, ಸದ್ದಿಲ್ಲ. ಕೂಗಿದರೂ ಉತ್ತರವಿಲ್ಲವೆಂದು ಇನ್ನೊಬ್ಬ ಇಳಿಯುತ್ತಾನೆ. ಮರುದಿನದ ಪತ್ರಿಕೆಯಲ್ಲಿ ಎರಡು ಸಾವು, ‘ವಿಷಾನಿಲ’ ಎಂಬ ಒಂದು ಪದ.

ಹೊಸ ಸಂಪು, ಕೊಳಚೆ ಸೇರಿಲ್ಲ, ವಾಸನೆ ಇಲ್ಲ, ಹಾಗಾಗಿ ಭಯವಿಲ್ಲ ಎಂಬುದು ಗಾರೆ ಕೆಲಸದವರ ನಂಬಿಕೆ. ಎಷ್ಟೋ ಸಲ ಕೊಲ್ಲುವುದು ವಿಷವಲ್ಲ, ಆಮ್ಲಜನಕದ ಕೊರತೆ. ಮುಚ್ಚಿದ ಸಂಪಿನಲ್ಲಿ ಒದ್ದೆ ಹಲಗೆ, ಗಳಗಳಿಗೆ ಬೂಷ್ಟು ಹಿಡಿಯುತ್ತದೆ. ಅದೂ ಉಸಿರಾಡುವ ಜೀವಿಯೇ. ಗಾಳಿಯಲ್ಲಿ ಶೇ. 21ರಷ್ಟಿರಬೇಕಾದ ಆಮ್ಲಜನಕವನ್ನು ಅದು ತಿಂದು ಮುಗಿಸುತ್ತದೆ. ಪ್ರಮಾಣ ಶೇ. 6ಕ್ಕೆ ಇಳಿದಿದ್ದರೆ ಕೆಲವೇ ಉಸಿರಿನಲ್ಲಿ ಪ್ರಜ್ಞೆ ಹೋಗುತ್ತದೆ, ಕೂಗಿಕೊಳ್ಳಲೂ ಪುರಸೊತ್ತಿರುವುದಿಲ್ಲ. ಮೇಣದಬತ್ತಿ ಇಳಿಬಿಟ್ಟು ನೋಡುವುದೂ ನೆಚ್ಚುವಂಥದ್ದಲ್ಲ: ಕೆಲವು ವಿಷಾನಿಲಗಳಲ್ಲಿ ಅದು ಉರಿಯುತ್ತಲೇ ಇರುತ್ತದೆ, ಉರಿಯುವ ಅನಿಲವಿದ್ದರೆ ಸ್ಫೋಟವೂ ಆದೀತು. ಬ್ಲೋವರ್‌ನಿಂದ ಗಾಳಿ ನುಗ್ಗಿಸಿ, ಮೀಟರ್‌ನಲ್ಲಿ ಅಳೆದು, ಸೊಂಟಕ್ಕಲ್ಲ, ಇಡೀ ಮೈಗೆ ಬಿಗಿಯುವ ಬೆಲ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ಮೇಲಿನವನ ಕೆಲಸ ಹಗ್ಗ ಹಿಡಿಯುವುದು, ಇಳಿಯುವುದಲ್ಲ.

ಪಾಯದ ಗುಂಡಿಯದೂ ಇಂಥದೇ ಮೋಸ. “ಆಳುದ್ದ ಇದೆ ಅಷ್ಟೆ, ಮಣ್ಣು ಜರಿದರೆ ಹಾರಿ ಬರ್ತೀವಿ” ಎನ್ನುತ್ತಾರೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತವನು ಉಸಿರು ಬಿಟ್ಟಂತೆಲ್ಲ ಮಣ್ಣು ಇನ್ನಷ್ಟು ಬಿಗಿಯುತ್ತದೆ. ಪಕ್ಕೆಲುಬು ಮತ್ತೆ ಅರಳುವುದಿಲ್ಲ. ತಲೆ ಹೊರಗಿದ್ದೂ ಸಾಯುವುದು ಹೀಗೆ. ಅಗೆದ ಮಣ್ಣನ್ನು ಗುಂಡಿಯ ಅಂಚಿಗೇ ರಾಶಿ ಹಾಕುವ ಸೋಮಾರಿತನ ಆ ಅಂಚಿನ ಮೇಲೇ ಭಾರ ಹೇರುತ್ತದೆ.

ಎತ್ತರದ ಕಟ್ಟಡದಲ್ಲಷ್ಟೇ ಬಿದ್ದು ಸಾಯುತ್ತಾರೆ ಎಂಬುದಕ್ಕೆ ಶಾಲೆಯ ಭೌತಶಾಸ್ತ್ರದ ಲೆಕ್ಕವೇ ಉತ್ತರ. ಹತ್ತಡಿ ಸಾರುವೆಯಿಂದ ಜಾರಿದವನು ಒಂದು ಸೆಕೆಂಡಿನೊಳಗೆ, ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಡಿಯುತ್ತಾನೆ. ಕೆಳಗೆ ಮೊನೆ ಚಾಚಿ ನಿಂತ ಕಂಬಿಗಳಿದ್ದರಂತೂ ಮುಗಿಯಿತು.

ಇದೆಲ್ಲ ಹೇಳಿದ ಮೇಲೂ ಕೊನೆಗೊಂದು ಮಾತು ಉಳಿದಿರುತ್ತದೆ: “ಹಣೆಬರಹ ಸ್ವಾಮಿ, ಕಟ್ಟಡ ಅಂದಮೇಲೆ ಒಂದೆರಡು ಜೀವ ಹೋಗೋದೇ.” ಅಮೆರಿಕದವರೂ ಒಂದು ಕಾಲಕ್ಕೆ ಹೀಗೇ ನಂಬಿದ್ದರು. ಹತ್ತು ಲಕ್ಷ ಡಾಲರ್ ಕೆಲಸಕ್ಕೆ ಒಂದು ಜೀವ ಎಂಬ ಲೆಕ್ಕವನ್ನೇ ಇಟ್ಟುಕೊಂಡಿದ್ದರು. ಆ ಲೆಕ್ಕದಲ್ಲಿ, ಸುಮಾರು 3.5 ಕೋಟಿ ಡಾಲರ್‌ನ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ 35 ಜನರನ್ನು ಬಲಿ ತೆಗೆದುಕೊಳ್ಳಬೇಕಿತ್ತು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಹೆಲ್ಮೆಟ್ ಕಡ್ಡಾಯ ಮಾಡಿದರು, ಸೇತುವೆಯ ಕೆಳಗೆ ಬಲೆ ಕಟ್ಟಿಸಿದರು. 1937ರ ಫೆಬ್ರವರಿಯಲ್ಲಿ ಸಾರುವೆಯೇ ಕಳಚಿ ಬಿದ್ದು, ಅದರ ಭಾರಕ್ಕೆ ಬಲೆ ಹರಿದು 10 ಜನ ಸತ್ತರು. ಅದೂ ಸೇರಿ ಒಟ್ಟು ಸಾವು 11. ಬಲೆಗೆ ಬಿದ್ದು ಬದುಕಿದವರು 19 ಮಂದಿ. ‘ನರಕಕ್ಕೆ ಅರ್ಧದಾರಿ ಹೋಗಿ ಬಂದವರ ಸಂಘ’ ಎಂದು ತಮ್ಮ ಗುಂಪಿಗೆ ಅವರೇ ಹೆಸರಿಟ್ಟುಕೊಂಡಿದ್ದರು.