ಆಡುವ ಹೊತ್ತನ್ನು ಮಕ್ಕಳಿಂದ ಕಸಿಯದಿರೋಣ

"ಆಡಿದ್ದು ಸಾಕು, ಇನ್ನು ಓದಿಕೋ" ಎಂಬ ಮಾತು ಕೇಳಿಬಾರದ ಮನೆ ನಮ್ಮ ನಾಡಿನಲ್ಲಿ ದುರ್ಲಭ. ಆಟವೆಂದರೆ ಕಾಲಹರಣ, ಓದೆಂದರೆ ಕಾಲದ ಸದ್ವಿನಿಯೋಗ ಎಂಬ ಭಾವನೆ ಹಿರಿಯರ ಮನಸ್ಸಿನಲ್ಲಿ ಆಳವಾಗಿ ಬೇರೂರಿದೆ. ಆ ಮಾತಿನ ಹಿಂದೆ ಮಮತೆಯಿದೆ, ಮಕ್ಕಳ ಭವಿಷ್ಯದ ಚಿಂತೆಯಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೂರು ವರ್ಷ ತುಂಬುತ್ತಲೇ ಹೆಗಲಿಗೆ ಚೀಲ, ಮನೆಗೆ ಬಂದೊಡನೆ ಬರವಣಿಗೆ, ಸಂಜೆ ಟ್ಯೂಷನ್, ರಜೆ ಬಂದರೆ ಶಿಬಿರ ಎಂದು ಎಳೆಯ ಮಕ್ಕಳ ದಿನವನ್ನೆಲ್ಲ ಹಿರಿಯರೇ ತುಂಬಿಬಿಡುತ್ತಿರುವ ಈ ದಿನಮಾನಗಳಲ್ಲಿ, ಆಟವು ಮಗುವಿಗೆ ಏನನ್ನು ಕೊಡುತ್ತದೆ ಎಂಬುದನ್ನು ತಂದೆತಾಯಂದಿರು ಒಮ್ಮೆ ಸಾವಧಾನದಿಂದ ಆಲೋಚಿಸಬೇಕಾಗಿದೆ.

ಮೊದಲು ನಮ್ಮ ಜಗುಲಿ ಮತ್ತು ಅಂಗಳದ ಆಟಗಳನ್ನೇ ನೋಡೋಣ. ಅಳಗುಳಿ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿಗಳು. ಒಂದು ಗುಳಿಯ ಹುಣಸೆಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಸಾಗಬೇಕು. ಕೊನೆಯ ಬೀಜ ಎಲ್ಲಿ ಬೀಳುವುದೆಂದು ಕೈಹಾಕುವ ಮೊದಲೇ ಎಣಿಸಿಕೊಂಡ ಮಗು ಗೆಲ್ಲುತ್ತದೆ; ಎಣಿಸದ ಮಗು ಸೋತು, ಮರುದಿನ ತಾನಾಗಿ ಎಣಿಸಲು ಕಲಿಯುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆ, 25 ಮನೆ. ನಾಲ್ಕೂ ಕವಡೆ ಅಂಗಾತ ಬಿದ್ದರೆ 4, ನಾಲ್ಕೂ ಬೋರಲು ಬಿದ್ದರೆ 8. ಬಿದ್ದ ಗರ ಅದೃಷ್ಟದ್ದು. ಯಾವ ಕಾಯಿಯನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕಾಯ್ದಿರಿಸಬೇಕು ಎಂಬ ವಿವೇಕ ಮಾತ್ರ ಆಡುವವರದು. ಲಗೋರಿಯಲ್ಲಿ ಏಳು ಕಲ್ಲುಗಳನ್ನು ಪೇರಿಸುವಾಗ ಚೆಂಡು ಮೈಗೆ ತಗಲಿತೋ ಇಲ್ಲವೋ ಎಂದು ಜಗಳ ಹುಟ್ಟುವುದು ಸಹಜ. ಅಲ್ಲಿ ತೀರ್ಪುಗಾರರಿಲ್ಲ. ಜಗಳ ತೀರದಿದ್ದರೆ ಆಟವೇ ನಿಲ್ಲುತ್ತದೆ. ಆಟ ನಿಲ್ಲಬಾರದೆಂಬ ಆಸೆಯಿಂದಲೇ ಮಕ್ಕಳು ಸೋಲನ್ನು ಒಪ್ಪುವುದನ್ನೂ, ಎದುರಾಳಿಯ ಮಾತನ್ನು ಆಲಿಸುವುದನ್ನೂ ಕಲಿಯುತ್ತಾರೆ.

ಇದು ಕೇವಲ ಹಳೆಯ ಕಾಲದ ಮೇಲಿನ ಮೋಹದಿಂದ ಆಡುವ ಮಾತಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯವರು ಗೋಲಿಯಾಡುವ ಬಾಲಕರ ಜೊತೆ ಕುಳಿತು, ಆಟದ ನಿಯಮಗಳ ಬಗ್ಗೆ ಅವರನ್ನೇ ಪ್ರಶ್ನಿಸಿ, ತಾವು ಕಂಡುದನ್ನು 1932ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ ಆಟದ ನಿಯಮವೆಂದರೆ ಹಿರಿಯರಿಂದ ಬಂದದ್ದು, ಬದಲಿಸಲಾಗದ್ದು. ಬೆಳೆಯುತ್ತ, ಸಮವಯಸ್ಕರೊಡನೆ ಆಡುತ್ತ ಆಡುತ್ತ, ನಿಯಮವೆಂಬುದು ಎಲ್ಲರೂ ಕೂಡಿ ಒಪ್ಪಿಕೊಂಡದ್ದು, ಒಪ್ಪಿದ್ದರಿಂದಲೇ ಪಾಲಿಸತಕ್ಕದ್ದು ಎಂಬ ಅರಿವು ಅವರಲ್ಲಿ ಮೂಡುತ್ತದೆ. ನ್ಯಾಯಬುದ್ಧಿಯ ಈ ಪಾಠವು ಉಪದೇಶದಿಂದ ಬರುವುದಕ್ಕಿಂತ ಹೆಚ್ಚಾಗಿ ಗೋಲಿಯ ಗುಂಡಿಯ ಸುತ್ತ ಬರುತ್ತದೆಂಬುದು ಗಮನಾರ್ಹ.

1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಾದ ಸ್ಯಾನ್ ಲೊರೆಂಜೋದಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸ್ಸರಿಯವರು ವೃತ್ತಿಯಿಂದ ವೈದ್ಯೆ. ಮೂರರ ಆಸುಪಾಸಿನ ಒಂದು ಹೆಣ್ಣುಮಗು ಮರದ ಉರುಳೆಗಳನ್ನು ಅವುಗಳ ಅಳತೆಯ ಕುಳಿಗಳಿಗೆ ಸೇರಿಸುವುದು, ತೆಗೆಯುವುದು, ಮತ್ತೆ ಸೇರಿಸುವುದು, ಹೀಗೆ ಮಾಡುತ್ತಿದ್ದುದನ್ನು ಅವರು ಕಂಡರು. ಸುತ್ತಲಿನ ಮಕ್ಕಳಿಂದ ಹಾಡಿಸಿದರೂ ಅದರ ಧ್ಯಾನ ಕದಡಲಿಲ್ಲ. ಅವರು ಎಣಿಸಿದಂತೆ 44 ಬಾರಿ ಆ ಮಗು ಅದನ್ನೇ ಮಾಡಿತು. ತಪ್ಪು ಕುಳಿಗೆ ಹಾಕಿದ ಉರುಳೆ ಕೊನೆಗೆ ತಾನೇ ತಪ್ಪನ್ನು ತೋರಿಸಿಕೊಡುತ್ತದೆ. ತಿದ್ದಲು ಗುರುವಿನ ಬೆತ್ತ ಬೇಡ. ಮಕ್ಕಳಿಗೆ ಏಕಾಗ್ರತೆಯಿಲ್ಲವೆಂದು ದೂರುವ ನಾವು ಇದನ್ನು ಚಿಂತಿಸಬೇಕು. ಏಕಾಗ್ರತೆ ಮಗುವಿನಲ್ಲಿದೆ. ಅದು ತಾನು ಆರಿಸಿಕೊಂಡ ಕೆಲಸದಲ್ಲಿ ಪ್ರಕಟವಾಗುತ್ತದೆ. ನಡುವೆ ಕರೆದು ಕರೆದು ಅದನ್ನು ಕೆಡಿಸುವವರು ಅನೇಕ ವೇಳೆ ನಾವೇ.

ನಮ್ಮ ಕರ್ನಾಟಕದಲ್ಲಿಯೇ ಈ ತತ್ತ್ವವು ಸರ್ಕಾರಿ ಶಾಲೆಯ ಹೊಸ್ತಿಲನ್ನು ತುಳಿದಿದೆ. ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ 'ನಲಿ-ಕಲಿ' ಪದ್ಧತಿಯನ್ನು ಆರಂಭಿಸಿದರು. 2009-10ರಿಂದ ಅದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಲಾಯಿತು. ಅಲ್ಲಿ ಸಾಲುಬೆಂಚುಗಳಿಗೆ ಬದಲಾಗಿ ಮಕ್ಕಳು 'ತಟ್ಟೆ'ಗಳೆಂಬ ಗುಂಪುಗಳಲ್ಲಿ ವೃತ್ತವಾಗಿ ಕೂರುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯನ್ನು ನೋಡಿ, ತನ್ನ ಮೆಟ್ಟಿಲಿನ ಚಿತ್ರವಿರುವ ಕಾರ್ಡನ್ನು ಮಗುವೇ ಆರಿಸಿಕೊಳ್ಳುತ್ತದೆ. ಜ್ವರ ಬಂದೋ ಸುಗ್ಗಿಯ ಕಾಲಕ್ಕೋ ಎಂಟು ದಿನ ಶಾಲೆ ತಪ್ಪಿದ ಮಗು, ಬಂದ ಮೇಲೆ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹಿಂದೆ ಬಿದ್ದೆನೆಂಬ ಅವಮಾನ ಅದಕ್ಕಿಲ್ಲ.

"ಹೀಗೆ ಆಡಿಕೊಂಡೇ ಇದ್ದರೆ ಮಗ್ಗಿ, ಕಾಗುಣಿತ ಬರುವುದು ಯಾವಾಗ?" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಎಲ್ಲವೂ ಆಟದಿಂದಲೇ ಬರುತ್ತದೆಂದು ನಾವು ಹೇಳುವುದಿಲ್ಲ. ಅಕ್ಷರವನ್ನು ತೋರಿಸಿಕೊಡಲು ಗುರು ಬೇಕೇ ಬೇಕು. ನಲಿ-ಕಲಿಯಲ್ಲಿಯೂ ಒಂದು ತಟ್ಟೆ ಪೂರ್ಣವಾಗಿ ಶಿಕ್ಷಕರ ನೆರವಿನದು. ಅಲ್ಲಿಂದ ಶಿಕ್ಷಕರ ಭಾಗಶಃ ನೆರವು, ಬಳಿಕ ಗೆಳೆಯರ ನೆರವು ಎಂದು ಸಾಗಿ, ಮಗು ಸ್ವಕಲಿಕೆಯ ತಟ್ಟೆಗೆ ಬರುತ್ತದೆ. ಗುರುವಿನ ಕೈ ಹಿಡಿದು ನಡೆದದ್ದು ಎಂದಾದರೊಂದು ದಿನ ಆ ಕೈಯನ್ನು ಬಿಟ್ಟು ನಡೆಯಲಿಕ್ಕಾಗಿಯೇ. ಎಲ್ಲಿ ಕೈಬಿಡಬೇಕೆಂದು ಬಲ್ಲವನೇ ನಿಜವಾದ ಗುರು.

ನಾವು ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಬೆಳೆದವರು. ಸಂಜೆಯ ಪ್ರಾರ್ಥನೆಗೆ ಮುನ್ನ ಒಂದು ತಾಸು ಆಟಕ್ಕೆಂದೇ ಬಿಡುತ್ತಿದ್ದರು. ವಿದ್ಯೆಯ ವಿಷಯದಲ್ಲಿ ಬಹಳ ನಿಷ್ಠುರರಾಗಿದ್ದ ನಮ್ಮ ಗುರುಗಳು ಆ ಹೊತ್ತಿನಲ್ಲಿ ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದರೇ ಹೊರತು, ಪೆಟ್ಟಾಗುವ ಸಂದರ್ಭವಲ್ಲದೆ ಎಂದೂ ಮಾತನಾಡುತ್ತಿರಲಿಲ್ಲ. ಆ ಮೌನವೂ ಶಿಕ್ಷಣವೇ ಆಗಿತ್ತೆಂದು ಈಗ ನಮಗೆ ಅರ್ಥವಾಗುತ್ತದೆ.

ಇನ್ನೊಂದು ಮಾತನ್ನು ಮಾತೃವರ್ಗದ ಗಮನಕ್ಕೆ ತರಲೇಬೇಕು. ಎಂಟೊಂಬತ್ತು ವರ್ಷದ ಹುಡುಗ ಬೀದಿಯಲ್ಲಿ ಆಡಿದರೆ "ಹುಡುಗುಬುದ್ಧಿ" ಎಂದು ನಗುತ್ತೇವೆ. ಅದೇ ವಯಸ್ಸಿನ ಮಗಳು ಕುಂಟಬಿಲ್ಲೆಗೆ ಹೊರಟರೆ "ತಮ್ಮನನ್ನು ನೋಡಿಕೋ, ಕಸ ಗುಡಿಸು" ಎನ್ನುತ್ತೇವೆ. ಮನೆಗೆಲಸ ಕಲಿಯುವುದು ತಪ್ಪಲ್ಲ. ಅದನ್ನು ಮಗನೂ ಕಲಿಯಲಿ. ಆದರೆ ಆಟವು ಮಗನಿಗೆ ಸಹಜ, ಮಗಳಿಗೆ ಸಲಿಗೆ ಎಂಬ ಭೇದ ಸಲ್ಲದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿರಾಮ ಮತ್ತು ಆಟಗಳನ್ನು ಪ್ರತಿಯೊಂದು ಮಗುವಿನ ಹಕ್ಕೆಂದು ಹೇಳುತ್ತದೆ. ಭಾರತವು 1992ರಲ್ಲಿ ಅದನ್ನು ಅಂಗೀಕರಿಸಿದೆ. ಅಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ.

ಮೊಬೈಲಿನ ಆಟವೂ ಆಟವೇ ಅಲ್ಲವೇ ಎನ್ನಬಹುದು. ಅಲ್ಲಿ ನಿಯಮವನ್ನು ಯಾರೋ ಮೊದಲೇ ಕಟ್ಟಿಟ್ಟಿದ್ದಾರೆ. ಮಗು ಅದನ್ನು ಚರ್ಚಿಸಲಾರದು, ತನಗೆ ಬೇಕಾದಂತೆ ಬದಲಿಸಲಾರದು. ಲಗೋರಿಯಲ್ಲಿ ಪುಟ್ಟ ತಂಗಿಗಾಗಿ ಗೆರೆಯನ್ನು ಎರಡು ಹೆಜ್ಜೆ ಹತ್ತಿರ ಎಳೆಯುವ ಅಣ್ಣನ ಅಂತಃಕರಣಕ್ಕೆ ಅಲ್ಲಿ ಎಡೆಯಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ದಿನಕ್ಕೆ ಒಂದು ತಾಸನ್ನಾದರೂ ಮಗುವಿನ ಪಾಲಿಗೆ ಬಿಟ್ಟುಕೊಡಿರಿ. ಬೆಲೆಬಾಳುವ ಆಟಿಕೆ ಬೇಡ. ಮಣ್ಣು, ನೀರು, ಹಗ್ಗ, ಹಳೆಯ ಡಬ್ಬಿ ಸಾಕು. ಅಜ್ಜ ಅಜ್ಜಿಯರು ಅಟ್ಟದ ಮೇಲಿನ ಅಳಗುಳಿ ಮಣೆಯನ್ನು ಇಳಿಸಿ ಒಂದೆರಡು ಆಟ ತೋರಿಸಿ, ಆಮೇಲೆ ಪಕ್ಕಕ್ಕೆ ಸರಿದು ಕುಳಿತುಕೊಳ್ಳಲಿ. ಮಗು ತಪ್ಪು ಗುಳಿಗೆ ಕೈಹಾಕಿದಾಗ ನಾಲಗೆಯ ತುದಿಗೆ ಬಂದ ಮಾತನ್ನು ತಡೆದುಕೊಳ್ಳಲಿ. ಮಗು ಎಣಿಸುತ್ತಿರುತ್ತದೆ.