ಮಾಟುಂಗದ ನಿತ್ಯಸುಖ

ಮುಂಬಯಿಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳು ಹೆಚ್ಚಾಗಿ ಅದರ ಕಷ್ಟವನ್ನೇ ಹೇಳಿವೆ. ಇಕ್ಕಟ್ಟಾದ ಖೋಲಿ, ನಲ್ಲಿಯ ಮುಂದೆ ನಸುಕಿನ ಸಾಲು, ಲೋಕಲ್ ಗಾಡಿಯ ನೂಕುನುಗ್ಗಲು, ಊರು ಬಿಟ್ಟು ಬಂದವನ ಏಕಾಕಿತನ, ಇವೆಲ್ಲವೂ ಸತ್ಯವೇ. ಯಶವಂತ ಚಿತ್ತಾಲರು ‘ಶಿಕಾರಿ’ಯಲ್ಲಿ ಈ ನಗರದ ಒಳಗಿನ ಕ್ರೌರ್ಯವನ್ನು ಬಗೆದು ತೋರಿಸಿದ ಮೇಲೆ ಆ ವಿಷಯದಲ್ಲಿ ಸಂಶಯಕ್ಕೆ ಎಡೆಯೇ ಉಳಿದಿಲ್ಲ. ಆದರೆ ಅದೇ ನಗರದಲ್ಲಿ ಬೆಳಗ್ಗೆ ಎದ್ದು ಮರಗಳ ನೆರಳಿನಲ್ಲಿ ನಡೆದು, ಒಳ್ಳೆಯ ಕಾಫಿ ಕುಡಿದು, ಆಗತಾನೆ ಬಂದ ಸೊಪ್ಪನ್ನು ಕೊಂಡು, ಸಂಜೆ ಒಂದು ಕಚೇರಿಯನ್ನು ಕೇಳಿ, ನಾಲ್ಕೈದು ಭಾಷೆಗಳಲ್ಲಿ ನೆರೆಯವರ ಯೋಗಕ್ಷೇಮ ವಿಚಾರಿಸಿ, ತೃಪ್ತಿಯಿಂದ ಮಲಗುವ ಗೃಹಸ್ಥರೂ ಇದ್ದಾರೆ. ಅವರ ಸುಖವು ಅಲ್ಪವೆಂದು ಕೆಲವರಿಗೆ ತೋರಬಹುದು. ನನಗಾದರೋ ಅದು ನಾಗರಿಕ ಜೀವನದ ಮುಖ್ಯ ಫಲಗಳಲ್ಲಿ ಒಂದೆಂದೇ ತೋರುತ್ತದೆ. ಅದನ್ನು ಕಣ್ಣಾರೆ ಕಾಣಬಯಸುವವರು ಮಾಟುಂಗಕ್ಕೆ ಹೋಗಬೇಕು.

ದಾದರಿಗೂ ಸಯನಿಗೂ ನಡುವೆ ಹಬ್ಬಿರುವ ಈ ಬಡಾವಣೆ ತಾನಾಗಿ ಬೆಳೆದುದಲ್ಲ. ಒಂದು ಮಹಾಮಾರಿಯ ಭಯದಿಂದ ಹುಟ್ಟಿದುದು. 1896ರಲ್ಲಿ ಮುಂಬಯಿಗೆ ಪ್ಲೇಗು ತಗುಲಿ, ಗಾಳಿ ಬೆಳಕುಗಳಿಲ್ಲದ ಕೇರಿಗಳಲ್ಲಿ ಜನರು ಒಬ್ಬರ ಹಿಂದೊಬ್ಬರು ಸತ್ತು, ಬದುಕಿದವರು ಊರು ಬಿಟ್ಟು ಓಡುವಂತಾದಾಗ, ಸರ್ಕಾರವು 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಹಳೆಯ ಕೇರಿಗಳನ್ನು ಕೆಡವಿ ಬಡವರನ್ನು ಒಕ್ಕಲೆಬ್ಬಿಸಿದ ಅಪಕೀರ್ತಿ ಆ ಟ್ರಸ್ಟಿಗೆ ಉಂಟು, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ದಾದರು, ಮಾಟುಂಗ, ವಡಾಲ, ಸಯನ್‌ಗಳ ಬಯಲಿಗೆ ಅದು ಹಾಕಿಕೊಟ್ಟ ನಕ್ಷೆಯಲ್ಲಿ ಬೀದಿಗಳು ಅಗಲವಾಗಿದ್ದವು, ಬೀದಿಯ ಇಕ್ಕೆಲಗಳಲ್ಲಿಯೂ ಮರಗಳಿಗೆ ಸ್ಥಾನವಿದ್ದಿತು, ಮನೆಗೂ ಮನೆಗೂ ನಡುವೆ ಗಾಳಿ ಹಾಯುವಷ್ಟು ಎಡೆಯಿದ್ದಿತು. ಆ ನಕ್ಷೆಯ ಉಪಕಾರವನ್ನು ಇಲ್ಲಿಯ ನಿವಾಸಿಗಳು ಇಂದಿಗೂ ಪ್ರತಿ ಉಸಿರಿನಲ್ಲಿಯೂ ಅನುಭವಿಸುತ್ತಿದ್ದಾರೆ.

ಇಲ್ಲಿಯ ಉದ್ಯಾನಗಳಲ್ಲಿ ಸುಪ್ರಸಿದ್ಧವಾದುದು ಫೈವ್ ಗಾರ್ಡನ್ಸ್. ದಾದರಿನ ಪಾರ್ಸಿ ಕಾಲೊನಿಯ ನಿರ್ಮಾತೃಗಳಾದ ಮಂಚೇರ್ಜಿ ಜೋಶಿಯವರ ಹೆಸರನ್ನು ಹೊತ್ತಿರುವ ಈ ಐದು ತೋಟಗಳ ಸುತ್ತ ಬೆಳಗಿನ ಹೊತ್ತು ಒಂದು ಸುತ್ತು ಬಂದರೆ, ಇಡೀ ಬಡಾವಣೆಯ ಜನಜೀವನದ ಪರಿಚಯವಾಗುವುದು: ಕೈಕೋಲು ಹಿಡಿದ ಪಾರ್ಸಿ ವೃದ್ಧರು, ದಿನಸಿಯ ಧಾರಣೆಯನ್ನು ಚರ್ಚಿಸುತ್ತ ನಡೆಯುವ ಕಚ್ಛೀ ವರ್ತಕರು, ನಿವೃತ್ತರಾದ ತಮಿಳು ಅಧಿಕಾರಿಗಳು, ಪರೀಕ್ಷೆಯ ಪುಸ್ತಕವನ್ನು ಕಲ್ಲುಬೆಂಚಿನ ಮೇಲಿಟ್ಟು ಕ್ರಿಕೆಟ್ಟಿಗೆ ಓಡುವ ಹುಡುಗರು. ವಿದ್ಯಾರ್ಥಿಗಳಿಗೆ ಇಲ್ಲಿ ಕೊರತೆಯಿಲ್ಲ. ರುಯಿಯಾ, ಪೋದಾರ್, ಖಾಲ್ಸಾ ಕಾಲೇಜುಗಳೂ, 1887ರಲ್ಲಿ ಆರಂಭವಾಗಿ 1923ರಲ್ಲಿ ಈ ಕಡೆಗೆ ಸ್ಥಳಾಂತರಗೊಂಡ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ವಿದ್ಯಾಲಯವೂ ಪರಸ್ಪರ ಕಾಲ್ನಡಿಗೆಯ ದೂರದಲ್ಲಿಯೇ ಇವೆ.

ಮಾಟುಂಗದ ಹೃದಯವಿರುವುದು ಮಾತ್ರ ಸ್ಟೇಷನ್ನಿನ ಪೂರ್ವಭಾಗದ ಪೇಟೆಯಲ್ಲಿ. ಅಲ್ಲಿ ಇಳಿದೊಡನೆ ಮೊದಲು ಎದುರಾಗುವುದು ಹೂವಿನ ಪರಿಮಳ; ಅದರ ಬೆನ್ನಿಗೇ ಹುರಿದ ಕಾಫಿಬೀಜದ ವಾಸನೆ. ದೇವಸ್ಥಾನಗಳ ಆಸುಪಾಸಿನಲ್ಲಿ ಸಾಲಾಗಿ ಕುಳಿತ ಹೂವಾಡಿಗರು ಮಲ್ಲಿಗೆ, ಕನಕಾಂಬರ, ಮರುಗ, ತುಳಸಿಗಳನ್ನು ಬಾಳೆನಾರಿನಲ್ಲಿ ಕಟ್ಟುವ ವೇಗವನ್ನು ನೋಡುತ್ತ ನಿಂತರೆ ಕೆಲಸಕ್ಕೆ ಹೊತ್ತಾದುದೇ ತಿಳಿಯದು. ತರಕಾರಿಯ ಸಾಲಿನಲ್ಲಿ ಮುಂಬಯಿಯ ಬೇರೆ ಪೇಟೆಗಳಲ್ಲಿ ಸುಲಭವಾಗಿ ಸಿಗದ ಮಂಗಳೂರು ಸೌತೆ, ಬಾಳೆದಿಂಡು, ಸುವರ್ಣಗೆಡ್ಡೆ, ಎಳೆಯ ನುಗ್ಗೆ, ಮಳೆಗಾಲವಾದರೆ ಪತ್ರೊಡೆಗೆ ಬೇಕಾದ ಕೆಸುವಿನೆಲೆ, ಹಬ್ಬದ ಮುನ್ನಾದಿನ ರಾಶಿರಾಶಿಯಾಗಿ ಬಾಳೆಯೆಲೆ ಮತ್ತು ಮಾವಿನ ತೋರಣ. ಉತ್ತರದ ಯಾವುದೋ ಹಳ್ಳಿಯಿಂದ ಬಂದ ವ್ಯಾಪಾರಿಯು ತಮಿಳು ಮಾಮಿಗೆ ತಮಿಳಿನಲ್ಲಿಯೂ, ಉಡುಪಿ ಕಡೆಯ ಗೃಹಿಣಿಗೆ ಅರೆಗನ್ನಡದಲ್ಲಿಯೂ, ಗುಜರಾತಿ ಬೆಹೆನರಿಗೆ ಗುಜರಾತಿಯಲ್ಲಿಯೂ ಬೆಲೆ ಹೇಳಿ, ಚೌಕಾಶಿಗೆ ಬಂದಾಗ ಮಾತ್ರ ತನ್ನ ಹಿಂದಿಗೆ ಮರಳುವುದುಂಟು. ಯಾವ ಭಾಷಾ ಸಮ್ಮೇಳನದ ನಿರ್ಣಯವೂ ಇಲ್ಲದೆ, ಕೇವಲ ಒಂದು ಕಟ್ಟು ಕೊತ್ತಂಬರಿಯ ನಿಮಿತ್ತವಾಗಿ ಮನುಷ್ಯರು ಪರಸ್ಪರರ ನುಡಿಯನ್ನು ಕಲಿಯುವ ಈ ದೃಶ್ಯವು ನನಗೆ ಅತ್ಯಂತ ಪ್ರಿಯವಾದುದು.

ಇನ್ನು ಊಟ ಉಪಾಹಾರಗಳ ವಿಷಯ. ಕೆಫೆ ಮದ್ರಾಸ್, ರಾಮಾಶ್ರಯ ಮೊದಲಾದ ಉಪಾಹಾರಗೃಹಗಳ ಮುಂದೆ ಭಾನುವಾರ ಬೆಳಗ್ಗೆ ಹೆಸರು ಬರೆಸಿ ಫೂಟ್‌ಪಾತಿನಲ್ಲಿ ಕಾಯುವ ಜನರನ್ನು ನೋಡಿದರೆ, ಇವರು ಕೇವಲ ಇಡ್ಲಿಗಾಗಿ ಬಂದವರಲ್ಲ, ಒಂದು ಬೆಳಗನ್ನು ಒಟ್ಟಿಗೆ ಕಳೆಯಲು ಬಂದವರೆಂದು ಸ್ಪಷ್ಟವಾಗುವುದು. ಆದರೆ ಇಲ್ಲಿಯ ಅನ್ನಸಂಸ್ಕೃತಿಯ ಮರ್ಮವನ್ನು ತಿಳಿಯಬೇಕಾದರೆ ಸ್ಟೇಷನ್ನಿನ ಮಗ್ಗುಲಲ್ಲಿಯೇ ಮೆಟ್ಟಿಲು ಹತ್ತಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಎಲೆಯ ಮುಂದೆ ಕುಳಿತುಕೊಳ್ಳಬೇಕು. ಕನ್ನಡ ಕರಾವಳಿಯಿಂದ ಬಾಲಕರಾಗಿ ಬಂದು, ಅಡಿಗೆಮನೆಗಳಲ್ಲಿ ದುಡಿದು ಮೇಲೆ ಬಂದ ಎ. ರಾಮನಾಯಕರು ಅದನ್ನು ಆರಂಭಿಸಿದುದು 1942ರಲ್ಲಿ, ಯುದ್ಧದ ನಡುಗಾಲದಲ್ಲಿ. ಆಗ ಮುಂಬಯಿಗೆ ಒಂಟಿಯಾಗಿ ಬಂದ ಗುಮಾಸ್ತನಿಗೆ, ಖೋಲಿಯಲ್ಲಿ ಒಲೆ ಹೂಡಲು ಸ್ಥಳವಿಲ್ಲದವನಿಗೆ, ಮನೆಯಂತೆ ಬೆಂದ ಅನ್ನ, ಸಾರು, ಪಲ್ಯ, ಮಜ್ಜಿಗೆಗಳು ಮಿತವಾದ ಬೆಲೆಗೆ ಸಿಕ್ಕುವುದು ರುಚಿಯ ಪ್ರಶ್ನೆಯಾಗಿರಲಿಲ್ಲ. ನಗರದಲ್ಲಿ ನೆಲೆನಿಲ್ಲುವುದು ಸಾಧ್ಯವೋ ಅಸಾಧ್ಯವೋ ಎಂಬುದನ್ನು ಅದು ನಿರ್ಣಯಿಸುತ್ತಿದ್ದಿತು. ಇಂದು ಅದೇ ಎಲೆಯ ಮುಂದೆ ಬ್ಯಾಂಕಿನ ಅಧಿಕಾರಿಯೂ ಟ್ಯಾಕ್ಸಿಯ ಚಾಲಕನೂ ಅಕ್ಕಪಕ್ಕದಲ್ಲಿ ಕುಳಿತು ಉಣ್ಣುವರು.

ಇಂತಹ ಅಡಿಗೆಮನೆಗಳ ಹಿಂದೆ ನಾವು ಆದರದಿಂದ ನೆನೆಯಬೇಕಾದ ಮತ್ತೊಂದು ಕಥೆಯಿದೆ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕರಾವಳಿಯಿಂದ ಹೊರಟು ಬಂದ ಹುಡುಗರಲ್ಲಿ ಎಷ್ಟೋ ಮಂದಿ ಹಗಲೆಲ್ಲ ಲೋಟ ತೊಳೆದು, ಹಿಟ್ಟು ರುಬ್ಬಿ, ರಾತ್ರಿಯಾದ ಮೇಲೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಅಕ್ಷರ ಕಲಿತರು. ಅವರಲ್ಲಿ ಕೆಲವರು ವಕೀಲರಾದರು, ಕೆಲವರು ಲೇಖಕರಾದರು, ಬಹಳ ಮಂದಿ ಸ್ವಂತ ಹೋಟೆಲುಗಳ ಒಡೆಯರಾಗಿ ತಮ್ಮ ಊರಿನ ಶಾಲೆಗಳಿಗೆ ಧನಸಹಾಯ ಮಾಡಿದರು. ನಾವು ಈಗ ನಿರಾಯಾಸವಾಗಿ ಅನುಭವಿಸುವ ಒಂದು ಲೋಟ ಕಾಫಿಯ ಸುಖಕ್ಕೆ ಆ ಹುಡುಗರ ನಿದ್ದೆಗೆಟ್ಟ ರಾತ್ರಿಗಳು ಆಧಾರವಾಗಿವೆ.

ಹೊಟ್ಟೆ ತುಂಬಿದ ಮೇಲೆ ಮನಸ್ಸಿಗೂ ಆಹಾರ ಬೇಕಷ್ಟೆ. ಭಾವೂ ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಜನಿಸಿದುದು 1926ರಲ್ಲಿ. ಕನ್ನಡ ನಾಟಕಕ್ಕೂ, ಉಪನ್ಯಾಸಗಳಿಗೂ, ‘ನೇಸರು’ ಎಂಬ ಪತ್ರಿಕೆಗೂ ಅದೇ ಆಶ್ರಯ. ರೈಲುಹಳಿಗಳನ್ನು ದಾಟಿ ಪಶ್ಚಿಮಕ್ಕೆ ಹೋದರೆ 1933ರಲ್ಲಿ ಸ್ಥಾಪಿತವಾದ ಕರ್ನಾಟಕ ಸಂಘವೂ, ಅದರ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವೂ ಇವೆ. ಮಧ್ಯ ರೈಲ್ವೆಯ ಮಾಟುಂಗವನ್ನೂ ಪಶ್ಚಿಮ ರೈಲ್ವೆಯ ಮಾಟುಂಗ ರೋಡನ್ನೂ ಜೋಡಿಸುವ ಸೇತುವೆಗೆ ಅದರ ಆಕಾರದಿಂದಾಗಿ ಝಡ್ ಬ್ರಿಡ್ಜ್ ಎಂದು ಹೆಸರು; ಪೂರ್ವದಲ್ಲಿ ಒಂದು ಉಪನ್ಯಾಸ, ಪಶ್ಚಿಮದಲ್ಲಿ ಒಂದು ನಾಟಕ, ಎರಡನ್ನೂ ಒಂದೇ ದಿನ ನಡೆದೇ ಮುಗಿಸಬಲ್ಲ ರಸಿಕನಿಗೆ ಈ ಸೇತುವೆಯಂತಹ ಸೌಕರ್ಯ ಬೇರೊಂದಿಲ್ಲ. ಕಿಂಗ್ಸ್ ಸರ್ಕಲಿನ ಆಚೆಯ ಷಣ್ಮುಖಾನಂದ ಸಭಾಗೃಹವು 1963ರಲ್ಲಿ ತೆರೆದು, 1990ರಲ್ಲಿ ಅಗ್ನಿಗೆ ಆಹುತಿಯಾಗಿ, 1998ರಲ್ಲಿ ಪುನಃ ಬಾಗಿಲು ತೆರೆಯಿತು. ಎಂಟು ವರ್ಷಗಳ ಕಾಲ ಸಂಗೀತಪ್ರೇಮಿಗಳು ಅದಕ್ಕಾಗಿ ಕಾದರು ಎಂಬುದೇ ಅದರ ಹಿರಿಮೆಗೆ ಸಾಕ್ಷಿ. ಚಲನಚಿತ್ರದ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಆರ್. ಪಿ. ಮಸಾನಿ ರಸ್ತೆಯಲ್ಲಿಯೂ ನಡೆದು ಬರಬಹುದು. ಪೃಥ್ವೀರಾಜ ಕಪೂರರೂ ಕುಂದನಲಾಲ ಸೈಗಲರೂ ವಾಸವಾಗಿದ್ದ ಬೀದಿಯದು.

ಮಾಟುಂಗದಲ್ಲಿ ಕಷ್ಟವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆಷಾಢದ ಮಳೆಯೂ ಸಮುದ್ರದ ಭರತವೂ ಒಂದೇ ಹೊತ್ತಿಗೆ ಕೂಡಿ ಬಂದರೆ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್‌ಗಳ ತಗ್ಗಿನಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ವರ್ಷವರ್ಷದ ದುಃಖ. ಅದಕ್ಕಿಂತಲೂ ಶಾಶ್ವತವಾದ ಆತಂಕವು ಬೇರೆ: ಟ್ರಸ್ಟಿನ ಕಾಲದ ತಗ್ಗಾದ ಕಟ್ಟಡಗಳು ಪುನರ್ನಿರ್ಮಾಣದ ಹೆಸರಿನಲ್ಲಿ ಒಂದೊಂದಾಗಿ ಉರುಳಿ, ಅವುಗಳ ಸ್ಥಾನದಲ್ಲಿ ಗಗನಚುಂಬಿ ಗೋಪುರಗಳು ಏಳುತ್ತಿವೆ. ಶಿಥಿಲವಾದ ಮನೆಯಲ್ಲಿ ಪ್ರಾಣಭಯದಿಂದ ಇರುವವರಿಗೆ ಹೊಸ ಮನೆ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ; ಆದರೆ ಗೋಪುರದವರು ಕಾರಿನಲ್ಲಿಯೇ ಹೊರಟು ಕಾರಿನಲ್ಲಿಯೇ ಮರಳುವುದಾದರೆ, ಬೀದಿಯ ಮರಗಳೂ ಫೂಟ್‌ಪಾತಿನ ಹೂವಾಡಿಗರೂ ಯಾರಿಗಾಗಿ ಉಳಿದಾರು?

ಈ ಪ್ರಶ್ನೆಗೆ ಇಲ್ಲಿಯ ನಾಗರಿಕರೇ ಒಂದು ಉತ್ತರವನ್ನು ಕೊಟ್ಟಿದ್ದಾರೆ. ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯ ಕೆಳಗಿನ ಕತ್ತಲೆಯ ಜಾಗವು ಕಸಕ್ಕೂ ಅಕ್ರಮವಾಗಿ ನಿಲ್ಲಿಸಿದ ವಾಹನಗಳಿಗೂ ಈಡಾಗಬಾರದೆಂದು ಅವರು ಪಟ್ಟುಹಿಡಿದು ನಗರಪಾಲಿಕೆಯನ್ನು ಒತ್ತಾಯಿಸಿದುದರ ಪರಿಣಾಮವಾಗಿ, ಅಲ್ಲಿ ಈಗ ಸುಮಾರು 600 ಮೀಟರು ಉದ್ದದ ಉದ್ಯಾನವೊಂದು ಸಿದ್ಧವಾಗಿದೆ. ಅದರೊಳಗಿನ ಕಾಲುದಾರಿಯನ್ನು ನರ್ಮದಾ ನದಿಯ ಹರಿವನ್ನು ಅನುಸರಿಸಿ ರೂಪಿಸಿದ್ದಾರೆ. ತಲೆಯ ಮೇಲೆ ವಾಹನಗಳು ಗರ್ಜಿಸುತ್ತಿರಲು, ಕೆಳಗೆ ಮೊಮ್ಮಕ್ಕಳ ಕೈಹಿಡಿದು ಅಜ್ಜಂದಿರು ನಡೆಯುವರು. ಸುಖವು ನಗರದಲ್ಲಿ ಅಯಾಚಿತವಾಗಿ ದೊರೆಯುವುದಲ್ಲ, ಕೇಳಿ ಪಡೆಯಬೇಕಾದುದು, ಪಡೆದ ಮೇಲೆ ಕಾಯಬೇಕಾದುದು ಎಂಬ ವಿವೇಕ ಈ ಜನರಲ್ಲಿದೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಮೇಲ್ಸೇತುವೆಗಳ ಕೆಳಗೂ ಇಂತಹ ಜಾಗಗಳಿವೆ. ಅಲ್ಲಿಯ ಪಾಲಿಕೆಗಳನ್ನು ನಾವೂ ಕೇಳಬಾರದೇಕೆ?

ಮುಂಬಯಿಗೆ ಕಾರ್ಯಾರ್ಥವಾಗಿ ಬರುವ ಕನ್ನಡಿಗರಲ್ಲಿ ಬಹುಮಂದಿ ಗೇಟ್‌ವೇಯನ್ನೂ ಸಮುದ್ರತೀರವನ್ನೂ ನೋಡಿ ಹಿಂದಿರುಗುವರು. ಇನ್ನೊಮ್ಮೆ ಬಂದಾಗ ಒಂದು ಬೆಳಗನ್ನು ಮಾಟುಂಗಕ್ಕಾಗಿ ಮೀಸಲಿಡಿ. ಮೊದಲು ಪೇಟೆಯನ್ನು ನೋಡಿ, ಅನಂತರ ಫೈವ್ ಗಾರ್ಡನ್ಸಿನವರೆಗೆ ನಡೆಯಿರಿ, ಊಟದ ಹೊತ್ತಿಗೆ ಬೋರ್ಡಿಂಗಿಗೆ ಹಿಂದಿರುಗಿ. ಮಧ್ಯ ರೈಲ್ವೆಯಲ್ಲಿ ಬರುವವರು ಸ್ಲೋ ಲೋಕಲನ್ನೇ ಹತ್ತಬೇಕು. ಫಾಸ್ಟ್ ಗಾಡಿಗಳಿಗೆ ಮಾಟುಂಗದಲ್ಲಿ ನಿಲುಗಡೆಯಿಲ್ಲ.